ಪಾಪಣ್ಣ ಯಾಕೆ ಜೊತೆ ಬಿಡಲಿಲ್ಲ?

(ಹೆಸರು, ವಯಸ್ಸು, ಕಾಡು, ಕೆಲಸದ ವಿವರ ಎಲ್ಲವನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. ಸಿಂಹಗಳ ಅಡ್ಡಹೆಸರುಗಳನ್ನೂ. ಬರೆಯುವುದಕ್ಕೆ ಸಲಹೆಗೆ ಬಂದವರ ಒಪ್ಪಿಗೆ ಪಡೆದಿದ್ದೇನೆ.)

ಶರತ್ ಆಪ್ತಸಲಹೆಗೆಂದು ನನ್ನ ಬಳಿ ಮೊದಲ ಸಲ ಬಂದಾಗ ಹೇಳಿಕೊಂಡದ್ದು ನಿದ್ದೆಯ ತೊಂದರೆ. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲ, ಹಗಲೆಲ್ಲ ಸಣ್ಣದಕ್ಕೂ ರೇಗುತ್ತದೆ. ಮೂವತ್ತರ ಆಸುಪಾಸಿನವರು, ಕಾಡಿನಲ್ಲಿ ಸಿಂಹಗಳ ನಡವಳಿಕೆಯ ಅಧ್ಯಯನ ಮಾಡುತ್ತಾರೆ. ಎಚ್ಚರವಾದಾಗ ತಲೆಯಲ್ಲಿ ಏನು ಓಡುತ್ತಿರುತ್ತದೆ ಎಂದು ಕೇಳಿದೆ. ಸಾಲವೋ ಸಂಸಾರವೋ ಬರುತ್ತದೆಂದು ಪೆನ್ನು ಹಿಡಿದು ಕೂತಿದ್ದೆ.

"ಪಾಪಣ್ಣ," ಅಂದರು.

ಪಾಪಣ್ಣ ಒಂದು ಸಿಂಹ.

ಎರಡು ಗಂಡು ಸಿಂಹಗಳ ಕೂಟವೊಂದನ್ನು ಇವರು ಎರಡು ವರ್ಷದಿಂದ ಹಿಂಬಾಲಿಸುತ್ತಿದ್ದರು. ಗಂಡು ಮರಿಗಳು ಎರಡು ಮೂರು ವರ್ಷಕ್ಕೆ ಹುಟ್ಟಿದ ಹಿಂಡು ಬಿಡಲೇಬೇಕು. ಒಟ್ಟಿಗೆ ಬೆಳೆದ ಅಣ್ಣತಮ್ಮಂದಿರು, ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು ಜೊತೆಯಾಗಿಯೇ ಹೊರಬೀಳುತ್ತವೆ. ಒಂಟಿಯಾಗಿ ಬಿದ್ದವನು ದಾರಿಯಲ್ಲಿ ಸಿಕ್ಕ ಇನ್ನೊಬ್ಬ ಒಂಟಿಯ ಜೊತೆ ಸೇರುವುದೂ ಉಂಟು. ಬಲ ಕೂಡಿದ ಮೇಲೆ ಯಾವುದೋ ಹಿಂಡಿನ ಗಂಡುಗಳನ್ನು ಓಡಿಸಿ ಆ ಜಾಗ ಹಿಡಿಯುತ್ತವೆ. ತಮಗಿಂತ ದೊಡ್ಡ ಕೂಟ ಬರುವವರೆಗೆ, ಅಂದರೆ ಹೆಚ್ಚಿನವುಗಳ ಪಾಲಿಗೆ ಕೆಲವೇ ವರ್ಷ, ಅವರದೇ ದರ್ಬಾರು. ಶರತ್ ನೋಡುತ್ತಿದ್ದ ಜೋಡಿ ದಾರಿಯಲ್ಲಿ ಸೇರಿದ್ದು, ರಕ್ತಸಂಬಂಧ ಇಲ್ಲ. ಕೇಸರ ಕಪ್ಪಾಗಿ ಎದೆಯವರೆಗೂ ಇಳಿದವನು ದೊರೆ. ತೆಳು ಕೇಸರದ, ಎಡಗಿವಿ ಸೀಳಿದವನು ಪಾಪಣ್ಣ.

ಹೆಸರು ಕೇಳಿದಾಗಲೇ ನನ್ನ ಕಿವಿ ನೆಟ್ಟಗಾಯಿತು. ಹೆಸರಿಟ್ಟಾಗಲೇ ತೀರ್ಪೂ ಕೊಟ್ಟಾಗಿತ್ತಲ್ಲ.

ಅವರನ್ನು ಕಾಡುತ್ತಿದ್ದ ದೃಶ್ಯ ಇಷ್ಟು. ಹೆಣ್ಣೊಂದು ಬೆದೆಗೆ ಬಂದಿತ್ತು. ದೊರೆ ನಾಲ್ಕು ದಿನ ಅವಳ ಪಕ್ಕ ಬಿಡಲಿಲ್ಲ. ಇಪ್ಪತ್ತು, ಇಪ್ಪತ್ತೈದು ನಿಮಿಷಕ್ಕೊಮ್ಮೆ ಕೂಡುವುದು, ಬಿದ್ದುಕೊಳ್ಳುವುದು, ಮತ್ತೆ ಅದೇ. ಪಾಪಣ್ಣ ಮೂವತ್ತು ಹೆಜ್ಜೆ ದೂರದ ನೆರಳಲ್ಲಿ. ಮೂರನೆಯ ದಿನ ಅವನು ಎದ್ದು ನಾಲ್ಕು ಹೆಜ್ಜೆ ಮುಂದೆ ಬಂದ. ದೊರೆ ಗುರ್ ಅನ್ನಲೂ ಇಲ್ಲ, ತಲೆ ತಿರುಗಿಸಿ ನೋಡಿದ, ಅಷ್ಟೇ. ಪಾಪಣ್ಣ ಇದ್ದಲ್ಲೇ ಕೂತು ಮುಂಗಾಲು ನೆಕ್ಕತೊಡಗಿದ.

"ಆ ನೆಕ್ಕೋದಿದೆಯಲ್ಲ ಮೇಡಂ, ಅದನ್ನ ನೋಡೋಕಾಗಲಿಲ್ಲ. ಜಗಳ ಆಡಿದ್ರೆ ಸಮಾಧಾನ ಇರ್ತಿತ್ತು. ಸಂಜೆ ಇಬ್ಬರೂ ಅಕ್ಕಪಕ್ಕ ನಿಂತು ಗರ್ಜಿಸಿದ್ರು, ಏನೂ ಆಗೇ ಇಲ್ಲ ಅನ್ನೋ ಹಾಗೆ."

ಇಲ್ಲಿ ನಾನು ಎಡವಿದೆ. ಇವರು ಯಾರದೋ ನೆರಳಲ್ಲಿ ಕೂತಿರುವ ಮನುಷ್ಯ, ಪಾಪಣ್ಣನಲ್ಲಿ ತಮ್ಮನ್ನೇ ನೋಡುತ್ತಿದ್ದಾರೆ ಎಂದು ಮನಸ್ಸಿನಲ್ಲೇ ಷರಾ ಬರೆದುಕೊಂಡು, "ಆ ಇಬ್ಬರಲ್ಲಿ ನೀವು ಯಾರು?" ಎಂದುಬಿಟ್ಟೆ. ಮೊದಲ ಭೇಟಿಯಲ್ಲೇ ಕೇಳುವ ಪ್ರಶ್ನೆಯೇ ಅದು? ಅವರು ನಕ್ಕು, ಗಡಿಯಾರ ನೋಡಿ, ಎದ್ದು ಹೋದರು. ಮುಂದಿನ ಎರಡು ಸಲ ಬರಲಿಲ್ಲ.

ಮತ್ತೆ ಬಂದಾಗ ವಿನಯ್ ಎಂಬ ಹೆಸರು ಹೊರಬಿತ್ತು. ಎಂಎಸ್ಸಿಯಿಂದ ಜೊತೆಗಿರುವ ಗೆಳೆಯ. ಒಂದೇ ಜೀಪು, ಒಂದೇ ಟೆಂಟು, ಏಳು ವರ್ಷ. ಜೀಪು ಓಡಿಸುವುದು, ಸಿಂಹದ ಕೊರಳಿಗೆ ಕಟ್ಟಿದ ರೇಡಿಯೊ ಕಾಲರ್‌ನ ಸಿಗ್ನಲ್ ಹುಡುಕುವುದು, ರಾತ್ರಿಯ ಟಿಪ್ಪಣಿ ವಿನಯ್ ಕೆಲಸ. ಅಂಕಿಅಂಶ ಕೂಡಿಸಿ ಬರೆಯುವುದು ಶರತ್ ಕೆಲಸ. ಮೊದಲ ಪ್ರಬಂಧದಲ್ಲಿ ಮೊದಲ ಹೆಸರು ಶರತ್‌ದು, ಎರಡನೆಯದರಲ್ಲೂ ಅವರದೇ. ಆಮೇಲೊಂದು ಸಮ್ಮೇಳನದ ಆಹ್ವಾನ ಬಂತು, ಒಬ್ಬರಿಗೆ ಮಾತ್ರ. ಜೀಪಿನಲ್ಲಿ ಕೂತೇ ಕೇಳಿದರಂತೆ, "ನಾನು ಹೋಗ್ಲಾ?"

"ಹೋಗು ಕಣೋ, ನಿಂದೇ ಅಲ್ವಾ," ಅಂದ ವಿನಯ್, ಅಂಗಿಯ ಅಂಚಿನಿಂದ ಬೈನಾಕ್ಯುಲರ್ ಒರೆಸತೊಡಗಿದ.

"ಎರಡು ನಿಮಿಷ ಒರೆಸಿದ ಮೇಡಂ. ಅದರಲ್ಲಿ ಧೂಳೇ ಇರಲಿಲ್ಲ."

ನನ್ನ ಷರಾ ಪೂರಾ ತಲೆಕೆಳಗು. ನನ್ನೆದುರು ಕೂತಿದ್ದವರು ದೊರೆ.

ಇದಾದ ಮೇಲೆ ಶರತ್ ವಿಜ್ಞಾನದ ಮರೆಗೆ ಸರಿದರು. ಗಿರ್ ಕಾಡಿನ ಸಿಂಹಗಳ ಬಗ್ಗೆ ಸ್ತೋತ್ರ ಚಕ್ರವರ್ತಿ ಮತ್ತು ಯಾದವೇಂದ್ರದೇವ್ ಝಾಲಾ 2017ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಬಾಯಿಪಾಠದಂತೆ ಒಪ್ಪಿಸಿದರು. ಗಂಡುಗಳ ಕೂಟದೊಳಗೆ ಸ್ಪಷ್ಟವಾದ ಮೇಲು ಕೀಳು ಇದೆ. ಬೇಟೆಯಲ್ಲಿ ಮೇಲಿನವನಿಗೆ ಶೇ. 47ರಷ್ಟು ಹೆಚ್ಚು ಊಟ, ಕೂಡುವ ಅವಕಾಶಗಳಲ್ಲಂತೂ ಬಹುಪಾಲು ಅವನದೇ. ಆದರೂ ಒಂಟಿ ಗಂಡಿಗಿಂತ ಜೋಡಿಯಲ್ಲಿ ಕೆಳಗಿರುವವನ ಸ್ಥಿತಿಯೇ ವಾಸಿ. "ಹಾಗಾದ್ರೆ ವಿನಯ್‌ಗೂ ಇದ್ರಲ್ಲಿ ಲಾಭಾನೇ ಅಲ್ವಾ ಮೇಡಂ?" ಎಂದಾಗ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದಿಷ್ಟು ನೆಮ್ಮದಿ ಕಂಡಿತು. ಆ ನೆಮ್ಮದಿಯನ್ನು ಹಾಗೇ ಬಿಡುವುದು ನನಗೆ ಸರಿ ಕಾಣಲಿಲ್ಲ.

ಅಷ್ಟು ಹೊತ್ತಿಗೆ ನಾನೂ ಒಂದಿಷ್ಟು ಓದಿಕೊಂಡಿದ್ದೆ. (ಸಲಹೆಗೆ ಬಂದವರ ಲೋಕದ ಪಾಠ ಕಲಿಯುವುದು ಈ ಕೆಲಸದ ಖುಷಿಗಳಲ್ಲಿ ಒಂದು. ಹಿಂದೊಮ್ಮೆ ಜೇನು ಸಾಕಣೆಯನ್ನೂ ಕಲಿತಿದ್ದೆ.) ಆಫ್ರಿಕಾದ ಸೆರೆಂಗೆಟಿ ಸಿಂಹಗಳ ಅನುವಂಶೀಯತೆ ಪರೀಕ್ಷಿಸಿ ಕ್ರೇಗ್ ಪ್ಯಾಕರ್ ಮತ್ತು ಸಂಗಡಿಗರು 1991ರಲ್ಲಿ ತೋರಿಸಿದ ಸಂಗತಿ ನನಗೆ ಹೆಚ್ಚು ಉಪಯೋಗಕ್ಕೆ ಬಂತು. ಕೂಟ ದೊಡ್ಡದಾದಷ್ಟೂ ಮರಿಗಳ ತಂದೆತನ ಕೆಲವರ ಪಾಲಿಗೇ ಹೋಗುತ್ತದೆ. ಅಂಥ ದೊಡ್ಡ ಕೂಟಗಳಲ್ಲಿ ಇರುವವರೆಲ್ಲ ರಕ್ತಸಂಬಂಧಿಗಳೇ. ತನಗೆ ಮರಿಯಾಗದಿದ್ದರೂ ಅಣ್ಣನ ಮರಿಯಲ್ಲಿ ತನ್ನ ರಕ್ತವಿದೆ ಎಂಬ ಲೆಕ್ಕ. ಸಂಬಂಧವಿಲ್ಲದವರು ಸೇರುವುದು ಇಬ್ಬರು ಮೂವರ ಸಣ್ಣ ಕೂಟದಲ್ಲಿ, ಪಾಲು ತಕ್ಕಮಟ್ಟಿಗೆ ಎಲ್ಲರಿಗೂ ಸಿಗುವಲ್ಲಿ.

"ನೀವಿಬ್ಬರೂ ಅಣ್ಣತಮ್ಮಂದಿರಲ್ಲ, ಶರತ್. ನಿಮ್ಮ ಹೆಸರು ಅಚ್ಚಾದರೆ ವಿನಯ್ ಖಾತೆಗೆ ಏನೂ ಜಮೆ ಆಗುವುದಿಲ್ಲ," ಎಂದೆ. ಗಿರ್‌ನಲ್ಲಿ ಒಂದು ಲೆಕ್ಕ, ಸೆರೆಂಗೆಟಿಯಲ್ಲಿ ಇನ್ನೊಂದು. ಸಿಂಹದಿಂದ ಸಿಂಹಕ್ಕೇ ಲೆಕ್ಕ ಬದಲಾಗುವಾಗ, ಅದನ್ನೇ ತಂದು ಜೀಪಿನಲ್ಲಿ ಕೂತ ಮನುಷ್ಯನಿಗೆ ಹಚ್ಚುವುದು ಹೇಗೆ? ಪಾಪಣ್ಣ ಜೊತೆ ಬಿಡದೆ ಇರುವುದಕ್ಕೆ ಕಾರಣ, ಬಿಟ್ಟರೆ ಅವನಿಗೆ ಹೋಗಲು ಜಾಗವಿಲ್ಲ. ವಿನಯ್‌ಗೆ ಜಾಗವಿದೆ. ಇನ್ನೊಂದು ಯೋಜನೆ, ಇನ್ನೊಂದು ಕೆಲಸ. ಇಷ್ಟಿದ್ದೂ ಅವನು ಏಳು ವರ್ಷ ಉಳಿದಿದ್ದಾನೆ. ಯಾಕೆ ಅಂತ ಇವರು ಒಮ್ಮೆಯೂ ಕೇಳಿರಲಿಲ್ಲ.

ಶರತ್ ತುಂಬಾ ಹೊತ್ತು ಸುಮ್ಮನಿದ್ದು, ಮಪೋಗೊ ಗಂಡುಗಳ ಕಥೆ ಹೇಳಿದರು. ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡ್ ಪ್ರದೇಶದಲ್ಲಿ ಆರು ಗಂಡುಗಳ ಕೂಟ, ಎದುರು ನಿಲ್ಲುವವರಿರಲಿಲ್ಲ. ಒಳಗೊಳಗೇ ಬಿರುಕು ಬಿಟ್ಟು ಇಬ್ಬರು ಬೇರೆ ನಿಂತರು. 2010ರಲ್ಲಿ ಹೊರಗಿನಿಂದ ಬಂದ ಗಂಡುಗಳು ಆ ಇಬ್ಬರಲ್ಲಿ ಒಬ್ಬನನ್ನು ಕೊಂದವು. ಉಳಿದವನು ಹಳೆಯ ಜೊತೆಗಾರರ ಬಳಿ ಮರಳಿ, ಅವರ ಮರಿಗಳನ್ನೇ ಕೊಂದ. ಶರತ್ ಅವರ ನಿದ್ದೆ ಕೆಡಿಸುತ್ತಿದ್ದದ್ದು ತಪ್ಪಿತಸ್ಥ ಭಾವ ಮಾತ್ರ ಅಲ್ಲ, ಜೋಡಿ ಒಡೆದರೆ ತನ್ನ ಗತಿಯೇನು ಎಂಬ ಭಯವೂ ಹೌದು ಎಂದು ಆಗ ತಿಳಿಯಿತು. ಜೀಪು ಓಡಿಸಲು ಇವರಿಗೆ ಸರಿಯಾಗಿ ಬರುವುದೂ ಇಲ್ಲವಂತೆ.

ಭಯದಲ್ಲಿ ಅವರು ಮಾಡಹೊರಟಿದ್ದು ಇನ್ನೊಂದು ತಪ್ಪು. ಮೂರನೆಯ ಪ್ರಬಂಧವನ್ನು ಇಡಿಯಾಗಿ ಗೆಳೆಯನ ಹೆಸರಿಗೆ ಬರೆದುಕೊಟ್ಟು, ಕಾಲಿಗೆ ಬಿದ್ದವರಂತೆ ಕ್ಷಮೆ ಕೇಳುವುದು. ಬೇಡ ಎಂದೆ. ಹಾಗೆ ಬಿದ್ದರೆ ವಿನಯ್ ತನ್ನ ಸಿಟ್ಟನ್ನು ಪಕ್ಕಕ್ಕಿಟ್ಟು ಇವರನ್ನೇ ಸಮಾಧಾನ ಮಾಡಬೇಕಾಗುತ್ತದೆ. ಕೊಡುವುದನ್ನೂ ಇವರೇ ಒಬ್ಬರೇ ತೀರ್ಮಾನಿಸಿದರೆ ದೊರೆತನ ಹೋದದ್ದೆಲ್ಲಿ?

ಕೊಟ್ಟ ಸಲಹೆ ಹೀಗಿತ್ತು. ಮಾತು ಜೀಪಿನಲ್ಲಿ ಬೇಡ, ಅಲ್ಲಿಂದ ಯಾರೂ ಎದ್ದು ಹೋಗುವ ಹಾಗಿಲ್ಲ. ಸಿಂಹದ ಉದಾಹರಣೆ ಒಂದೂ ಬೇಡ. ಬೈನಾಕ್ಯುಲರ್ ಒರೆಸಿದ ದಿನವನ್ನೇ ಎತ್ತಿಕೊಂಡು, "ಆವತ್ತು ನಾನು ಕೇಳಿದ ರೀತಿ ಸರಿಯಿರಲಿಲ್ಲ, ನಿನಗೆ ಏನನಿಸಿತು?" ಎಂದು ಕೇಳಿ ಬಾಯಿ ಮುಚ್ಚಿಕೊಳ್ಳಬೇಕು. "ಪರವಾಗಿಲ್ಲ ಬಿಡೋ" ಎಂದರೆ ಅದನ್ನು ಉತ್ತರ ಅಂದುಕೊಳ್ಳಬಾರದು. ಒಂದು ವಾರ ಬಿಟ್ಟು ಮತ್ತೆ ಕೇಳಬೇಕು. ಮೂರನೆಯ ಪ್ರಬಂಧದ ಹೆಸರಿನ ಜಾಗ ಅಲ್ಲಿಯವರೆಗೆ ಖಾಲಿ.

ಕಾಡಿನ ಟಿಪ್ಪಣಿಯಿಂದ ದೊರೆ, ಪಾಪಣ್ಣ ಎಂಬ ಹೆಸರುಗಳನ್ನು ತೆಗೆದು ಗಂಡು-1, ಗಂಡು-2 ಎಂದು ಬರೆಯಲು ಹೇಳಿದೆ. ಮುಂಗಾಲು ನೆಕ್ಕಿದರೆ ನೆಕ್ಕಿತು ಎಂದಷ್ಟೇ. ಅವಮಾನ, ಸಹನೆ ಇತ್ಯಾದಿ ಬರೆಯಬೇಕೆನಿಸಿದರೆ ಬೇರೊಂದು ಪುಸ್ತಕದಲ್ಲಿ ಬರೆದು ನನ್ನ ಬಳಿ ತರಬೇಕು. ಇನ್ನೊಂದು ವಿಷಯ ಕೇಳಿ ನಾನು ಬೆಚ್ಚಿದ್ದೆ: ನಿದ್ದೆ ಬಾರದಾಗ ಇವರು ಫೋನಿನಲ್ಲಿ ಆ ಜೋಡಿಯ ಗರ್ಜನೆಯ ರೆಕಾರ್ಡಿಂಗ್ ಕೇಳುತ್ತಿದ್ದರು! ಅದನ್ನು ಅಂದೇ ನಿಲ್ಲಿಸಿದ್ದಾಯಿತು. ಮೂರು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ವೈದ್ಯರನ್ನು ಕಾಣಬೇಕೆಂದೂ ಹೇಳಿದ್ದೆ, ಆ ಅಗತ್ಯ ಬೀಳಲಿಲ್ಲ.

ವಿನಯ್ ಮೊದಲ ಸಲ "ಪರವಾಗಿಲ್ಲ" ಅಂದನಂತೆ. ಎರಡನೆಯ ಸಲ ಮುಕ್ಕಾಲು ಗಂಟೆ ಬೈದ. ಐದು ವರ್ಷದ ಹಿಂದಿನ ಡೀಸೆಲ್ ಖರ್ಚಿನಿಂದ ಶುರುವಾಗಿ, ಮೂರನೆಯ ಪ್ರಬಂಧದ ವಾದವೇ ತಪ್ಪು ಎನ್ನುವಲ್ಲಿಗೆ ಬಂದು ನಿಂತ. ಶರತ್‌ಗೆ ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚಿತ್ತು. ಈ ಋತು ಮುಗಿದ ಮೇಲೆ ವಿನಯ್ ಉಳಿಯುತ್ತಾನೋ ಇಲ್ಲವೋ ತೀರ್ಮಾನವಾಗಿಲ್ಲ.

ಕೊನೆಯ ಭೇಟಿಯಲ್ಲಿ ಶರತ್ ತಮ್ಮ ಟಿಪ್ಪಣಿ ಪುಸ್ತಕದ ಒಂದು ಪುಟ ತೋರಿಸಿದರು. "6.10. ಗಂಡು-2 ಬೇಟೆಯ ಮೇಲೆ. ಗಂಡು-1 ಬಂದ. ತಲೆಗೆ ತಲೆ ಉಜ್ಜಿದರು. ಇಬ್ಬರೂ ತಿಂದರು." ಅದರ ಕೆಳಗೆ ಬೇರೆ ಶಾಯಿಯಲ್ಲಿ, ಬೇರೆ ಕೈಬರಹದಲ್ಲಿ ಒಂದು ಸಾಲು ಇತ್ತು.

"ಸಮಯ ತಪ್ಪು. 6.25. ಪಾಪಣ್ಣ ಮೊದಲೇ ಅರ್ಧ ತಿಂದಿದ್ದ."