ಮಗಳ ಪ್ರಬಂಧವನ್ನು ಮಗಳೇ ಬರೆಯಲಿ

ಪತ್ರ: ನನ್ನ ಮಗಳು ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಅಮೆರಿಕದ ಎಂಐಟಿ ಅಥವಾ ಯೇಲ್‌ನಲ್ಲಿ ಪದವಿ ಓದುವ ಆಸೆ ಅವಳಿಗೆ. ಸಲಹಾ ಕೇಂದ್ರವೊಂದು ಎಂಟು ಲಕ್ಷ ರೂಪಾಯಿ ಕೇಳುತ್ತಿದೆ. ಪ್ರಬಂಧವನ್ನು ಅವರೇ ಸಿದ್ಧಪಡಿಸುತ್ತಾರಂತೆ, ಮಗಳ ಹೆಸರಿನಲ್ಲಿ ಒಂದು ಸೇವಾ ಸಂಸ್ಥೆಯನ್ನೂ ಶುರು ಮಾಡಿಸುತ್ತಾರಂತೆ. ಅವಳು ಸಂಜೆ ನನ್ನ ಗೊಬ್ಬರದಂಗಡಿಯಲ್ಲಿ ಲೆಕ್ಕ ಬರೆಯುವುದನ್ನು ಅರ್ಜಿಯಲ್ಲಿ ಹಾಕಬಾರದು ಎಂದಿದ್ದಾರೆ. ಏನು ಮಾಡಲಿ?
– ಓದುಗರು, ದಾವಣಗೆರೆ ಜಿಲ್ಲೆ

ಉತ್ತರ: ಮಾನ್ಯರೇ, ಆ ಎಂಟು ಲಕ್ಷ ನಿಮ್ಮಲ್ಲೇ ಇರಲಿ. ಪ್ರಾಮಾಣಿಕ ಸಲಹೆಗಾರರೂ ಇದ್ದಾರೆ. ಕೊನೆಯ ದಿನಾಂಕ, ಶುಲ್ಕ ವಿನಾಯಿತಿ, ನಮೂನೆಗಳ ತೊಡಕನ್ನು ಬಿಡಿಸಿ ಹೇಳುವವರಿಗೆ ಅವರ ಸಂಭಾವನೆ ಸಲ್ಲಬೇಕು. ಆದರೆ ಹದಿನಾರು ವರ್ಷದ ಹುಡುಗಿಯ ಬದುಕನ್ನು ತಾವೇ ಬರೆದುಕೊಡುತ್ತೇವೆ ಎನ್ನುವವರು ಆ ಪೈಕಿಯವರಲ್ಲ.

ಗೊಬ್ಬರದಂಗಡಿಯ ಮಾತು ಓದಿ ನನಗೆ ನಿಜಕ್ಕೂ ಸಂಕಟವಾಯಿತು. ಯೇಲ್ ಸೇರಿದಂತೆ ನೂರಾರು ವಿದ್ಯಾಸಂಸ್ಥೆಗಳು ಬಳಸುವ ಕಾಮನ್ ಆ್ಯಪ್ ಎಂಬ ಅರ್ಜಿಯಲ್ಲಿ ಹತ್ತು ಚಟುವಟಿಕೆಗಳನ್ನು ನಮೂದಿಸಲು ಜಾಗವಿದೆ. ದುಡಿಮೆ, ಮನೆಯ ಜವಾಬ್ದಾರಿ ಎರಡಕ್ಕೂ ಅದರಲ್ಲಿ ಪ್ರತ್ಯೇಕ ವರ್ಗಗಳೇ ಇವೆ. ಸಾಲದ ಪುಸ್ತಕ ನೋಡಿಕೊಳ್ಳುವ, ಓದು ಬಾರದ ರೈತರಿಗೆ ಔಷಧಿ ಡಬ್ಬಿಯ ಮೇಲಿನ ಪ್ರಮಾಣವನ್ನು ಓದಿ ಹೇಳುವ ಹುಡುಗಿ ಯಾವ ಕಾಗದದ ಸೇವಾ ಸಂಸ್ಥೆಯ ಅಧ್ಯಕ್ಷೆಗೂ ಕಡಿಮೆಯಲ್ಲ. ಮುಂಗಾರು ಕೈಕೊಟ್ಟ ವರ್ಷ ಆ ಪುಸ್ತಕದಲ್ಲಿ ಬಾಕಿ ಹೇಗೆ ಬೆಳೆಯುತ್ತದೆ ಎಂಬುದು ಅವಳಿಗೆ ಗೊತ್ತು. ಅದನ್ನು ಮುಚ್ಚಿಡಿ ಎಂದವರ ಮಾತನ್ನು ನೀವೂ ನಂಬಿಬಿಟ್ಟಿರಲ್ಲ! ನಿಮ್ಮ ಅಂಗಡಿಯ ಬಗ್ಗೆ ನಿಮಗೇಕೆ ಈ ಅಳುಕು?

ಕಾಮನ್ ಆ್ಯಪ್‌ನ ಮುಖ್ಯ ಪ್ರಬಂಧ ಗರಿಷ್ಠ 650 ಪದಗಳದ್ದು. ಎಂಐಟಿಗೆ ತನ್ನದೇ ಅರ್ಜಿ ಇದೆ. ಅದರಲ್ಲಿ ಒಂದು ದೊಡ್ಡ ಪ್ರಬಂಧದ ಬದಲು ಹಲವು ಚಿಕ್ಕ ಉತ್ತರಗಳು. ಎರಡರಲ್ಲೂ ಓದುವವರು ಹುಡುಕುವುದು ಬರೆದ ಮಗುವನ್ನು. ಕೃತಕ ಬುದ್ಧಿಮತ್ತೆಯ ಯಂತ್ರದಿಂದ ಬರೆಸಿ ತನ್ನದೆಂದು ಕಳುಹಿಸುವುದನ್ನು ಕಾಮನ್ ಆ್ಯಪ್ 2023ರಿಂದ ವಂಚನೆಯೆಂದೇ ಪರಿಗಣಿಸುತ್ತಿದೆ. ವಿಲಿಯಂ ಸಿಂಗರ್ ಎಂಬ ಪ್ರವೇಶ ಸಲಹೆಗಾರನ ಪ್ರಕರಣ ನಿಮಗೆ ನೆನಪಿರಬಹುದು. ಶ್ರೀಮಂತರ ಮಕ್ಕಳನ್ನು ಪರೀಕ್ಷೆಯ ಮೋಸದಿಂದ, ಸುಳ್ಳು ಕ್ರೀಡಾ ಸಾಧನೆಗಳಿಂದ, ಲಂಚದಿಂದ ಯೇಲ್, ಸ್ಟ್ಯಾನ್‌ಫರ್ಡ್‌ನಂಥ ಕಡೆ ನುಗ್ಗಿಸಲು ಹೊರಟಿದ್ದ ಆತನ ಜಾಲ 2019ರ ಮಾರ್ಚ್‌ನಲ್ಲಿ ಬಯಲಾಯಿತು. 2023ರಲ್ಲಿ ಮೂರೂವರೆ ವರ್ಷಗಳ ಸೆರೆವಾಸವಾಯಿತು. ಅವನೂ ಮಕ್ಕಳ ಭವಿಷ್ಯ ಕಟ್ಟುತ್ತೇನೆಂದೇ ಹೇಳಿಕೊಂಡು ತಿರುಗುತ್ತಿದ್ದವನು.

ನಮ್ಮಲ್ಲಿ ಈ ವ್ಯಾಪಾರ ಇಷ್ಟು ಸಲೀಸಾಗಿ ನಡೆಯಲು ಕಾರಣ ನಮ್ಮ ಶಾಲೆಗಳಲ್ಲೇ ಇದೆ. ನಮ್ಮ ಪತ್ರಿಕೆಯ ವಿದ್ಯಾರ್ಥಿ ಪ್ರಬಂಧ ಸ್ಪರ್ಧೆಗೆ ಪ್ರತಿ ವರ್ಷ ರಾಶಿ ಬರಹಗಳು ಬರುತ್ತವೆ. ಒಂದೇ ಶಾಲೆಯ ಹತ್ತಾರು ಮಕ್ಕಳ ಬರಹ ಒಂದೇ ವಾಕ್ಯದಿಂದ ಆರಂಭವಾಗಿ ಒಂದೇ ಗಾದೆಯಲ್ಲಿ ಮುಗಿಯುತ್ತದೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಲ್ಲವೂ ಗೈಡಿನಿಂದ ಇಳಿದದ್ದು. ಮಗು ಕಂಡದ್ದನ್ನು ಬರೆದರೆ ಅಂಕ ಕಳೆಯುತ್ತೇವೆ, ಬಾಯಿಪಾಠ ಒಪ್ಪಿಸಿದರೆ ಪೂರ್ತಿ ಅಂಕ ಕೊಡುತ್ತೇವೆ. ಹನ್ನೆರಡು ವರ್ಷ ಹೀಗೆ ನಡೆಸಿ, ಒಂದು ದಿನ ಇದ್ದಕ್ಕಿದ್ದಂತೆ ‘ನಿನ್ನ ಬಗ್ಗೆ ಬರೆ’ ಎಂದರೆ ಮಗು ಯಾರನ್ನು ಕೇಳಬೇಕು? ದುಡ್ಡಿದ್ದವರು ಸಲಹಾ ಕೇಂದ್ರದ ಬಾಗಿಲು ತಟ್ಟುತ್ತಾರೆ, ಇಲ್ಲದವರು ಅರ್ಜಿಯನ್ನೇ ಹಾಕುವುದಿಲ್ಲ. ಇದರ ಬಗ್ಗೆ ನನಗಿರುವ ಸಿಟ್ಟು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಇದೆ.

ಶಿಫಾರಸು ಪತ್ರದ ಕಥೆಯೂ ಇದೇ. ‘ವಿಧೇಯ, ಶ್ರಮಜೀವಿ, ಉತ್ತಮ ನಡತೆಯವಳು’ ಎಂದು ಪ್ರಾಂಶುಪಾಲರು ಮೊಹರು ಒತ್ತಿ ಕೊಟ್ಟರೆ ಅಲ್ಲಿ ಅದಕ್ಕೆ ಬೆಲೆಯಿಲ್ಲ. ಎಂಐಟಿ ಕೇಳುವ ಎರಡು ಪತ್ರಗಳಲ್ಲಿ ಒಂದು ಗಣಿತ ಅಥವಾ ವಿಜ್ಞಾನದ ಅಧ್ಯಾಪಕರದ್ದು, ಇನ್ನೊಂದು ಭಾಷೆ ಅಥವಾ ಮಾನವಿಕ ವಿಷಯಗಳವರದ್ದು. ಎಂದರೆ ನಿಮ್ಮ ಮಗಳ ಕನ್ನಡ ಮೇಷ್ಟರು ಬರೆದುಕೊಡಬಹುದು. ಇಂಗ್ಲಿಷಿಗೆ ಅನುವಾದ ಮಾಡಿಸಿದರಾಯಿತು. ಅವಳು ತರಗತಿಯಲ್ಲಿ ಎದ್ದುನಿಂತು ಕೇಳಿದ ಒಂದು ಪ್ರಶ್ನೆಯನ್ನು ಅವರು ನೆನಪಿಸಿಕೊಂಡು ಬರೆಯಲಿ.

ಹಣದ ವಿಚಾರವನ್ನು ಸ್ಪಷ್ಟವಾಗಿ ತಿಳಿದುಕೊಳ್ಳಿ. ಇಂಥ ಕಡೆ ಒಂದು ವರ್ಷದ ಒಟ್ಟು ಖರ್ಚು 80,000 ಡಾಲರ್ ದಾಟಿದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್ಹರ್ಸ್ಟ್, ಡಾರ್ಟ್‌ಮತ್ ಇವು ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲೂ ಹಣಕಾಸಿನ ಸ್ಥಿತಿಯನ್ನು ನೋಡದೆ ಆಯ್ಕೆ ಮಾಡುತ್ತವೆ. ಆಯ್ಕೆಯಾದವರ ಕೊರತೆಯನ್ನು ಪೂರ್ತಿ ತುಂಬುತ್ತವೆ. ಸ್ಟ್ಯಾನ್‌ಫರ್ಡ್ ಹಾಗಲ್ಲ. ಅಲ್ಲಿ ವಿದೇಶಿಯರು ನೆರವು ಕೇಳಿರುವುದನ್ನು ಆಯ್ಕೆಯ ವೇಳೆ ಗಮನಿಸುತ್ತಾರೆ, ಅರ್ಜಿ ಹಾಕುವಾಗ ಕೇಳದವರಿಗೆ ಮುಂದೆ ನಾಲ್ಕು ವರ್ಷವೂ ಸಿಗುವುದಿಲ್ಲ. ‘ನೆರವು ಕೇಳಬೇಡಿ, ಸೇರಿದ ಮೇಲೆ ನೋಡಿಕೊಳ್ಳೋಣ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆಯೇ ‘ಅರ್ಲಿ ಡಿಸಿಷನ್’ ಎಂಬ ಬಗೆಯ ಅರ್ಜಿಗೆ ಸಹಿ ಹಾಕಿದರೆ, ಸೀಟು ಸಿಕ್ಕಾಗ ಅಲ್ಲಿಗೇ ಸೇರಬೇಕೆಂಬ ಕಟ್ಟುಪಾಡಿದೆ; ಬೇರೆ ಕಡೆಯ ನೆರವಿನೊಂದಿಗೆ ಹೋಲಿಸಿ ನೋಡುವ ಅವಕಾಶ ತಪ್ಪುತ್ತದೆ.

ಅಂಕಗಳ ವಿಷಯದಲ್ಲಿ ನಮ್ಮವರು ಎಡವುವುದು ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ಸಾಕೆಂಬ ಭಾವನೆಯಿಂದ. ಅಲ್ಲಿ ಒಂಬತ್ತನೇ ತರಗತಿಯಿಂದ ನಾಲ್ಕು ವರ್ಷದ ಅಂಕಪಟ್ಟಿ ಕೇಳುತ್ತಾರೆ. ಅಲ್ಲಿನ ಕಾಲೇಜು ಪ್ರವೇಶಕ್ಕೆ ಬಳಸುವ ಎಸ್‌ಎಟಿ ಅಥವಾ ಎಸಿಟಿ ಪರೀಕ್ಷೆಯನ್ನು ಎಂಐಟಿ 2022ರಲ್ಲೇ ಮತ್ತೆ ಕಡ್ಡಾಯ ಮಾಡಿತು.

ಇಷ್ಟೆಲ್ಲ ಮಾಡಿಯೂ ಸೀಟು ಸಿಗದಿರಬಹುದು. 2024ರಲ್ಲಿ ಹಾರ್ವರ್ಡ್‌ಗೆ ಬಂದ ಅರ್ಜಿಗಳು ಸುಮಾರು 54,000, ಸೀಟು ಸಿಕ್ಕಿದ್ದು 2,000ಕ್ಕೂ ಕಡಿಮೆ ಮಂದಿಗೆ. ಹಾಗಾದರೆ ಕೊರಗಬೇಕೆ? ಬೆಂಗಳೂರಿನ ಸಿ.ಎನ್.ಆರ್. ರಾವ್ ಮೈಸೂರು ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಬನಾರಸ್‌ನಲ್ಲಿ ಓದಿ, 1958ರಲ್ಲಿ ಪಿಎಚ್‌.ಡಿ. ಪಡೆದದ್ದು ಅಮೆರಿಕದ ಇಂಡಿಯಾನಾ ರಾಜ್ಯದ ಪರ್ಡ್ಯೂ ಎಂಬ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ. ಮೈಸೂರಿನ ಎ.ಕೆ. ರಾಮಾನುಜನ್ ಬೆಳಗಾವಿಯಲ್ಲಿ ಪಾಠ ಹೇಳಿದವರು. ಅದೇ ರಾಜ್ಯದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಶಿಕಾಗೊದಲ್ಲಿ ಪ್ರಾಧ್ಯಾಪಕರಾದರು. ಇಂದಿಗೂ ಅಲ್ಲಿನ ಒಳ್ಳೆಯ ವಿಶ್ವವಿದ್ಯಾಲಯಗಳು ವಿಜ್ಞಾನದ ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಬೋಧನಾ ಶುಲ್ಕ ಮನ್ನಾ ಮಾಡಿ, ಜೀವನಕ್ಕೆ ಭತ್ಯೆಯನ್ನೂ ಕೊಡುತ್ತವೆ. ಇಲ್ಲಿ ಪದವಿ ಮುಗಿಸಿ ಹೋಗುವ ಈ ದಾರಿಯನ್ನು ನಿಮಗೆ ಯಾವ ಸಲಹಾ ಕೇಂದ್ರವೂ ತೋರಿಸಿದಂತಿಲ್ಲ.

ಈ ಬೇಸಿಗೆ ರಜೆಯಲ್ಲಿ ಅವಳು ಅಂಗಡಿಯ ಬಗ್ಗೆ ಕನ್ನಡದಲ್ಲೇ ಒಮ್ಮೆ ಬರೆಯಲಿ, ಆಮೇಲೆ ಇಂಗ್ಲಿಷಿನಲ್ಲಿ ಹೊಸದಾಗಿ ಬರೆಯಲಿ. ಕಾಗುಣಿತ, ವ್ಯಾಕರಣದ ತಪ್ಪುಗಳನ್ನು ಮೇಷ್ಟರು ಗುರುತಿಸಿದರೆ ಸಾಕು. ಮೊದಲ ಸುತ್ತಿನ ಅರ್ಜಿಗಳಿಗೆ ನವೆಂಬರ್ ಆರಂಭ, ಎರಡನೆಯದಕ್ಕೆ ಜನವರಿ ಆರಂಭ ಕೊನೆ. ಎರಡನೇ ಸುತ್ತಿನ ಉತ್ತರ ಮಾರ್ಚ್‌ನಲ್ಲಿ ಬರುತ್ತದೆ. ಅದಕ್ಕೆ ಕಾಯುತ್ತಾ ಇಲ್ಲಿನ ಸಿಇಟಿ ಅರ್ಜಿ ತುಂಬುವುದನ್ನು ಮಾತ್ರ ಮರೆಯಬೇಡಿ.