ಓಲೆಯ ಸುಳ್ಳು, 26 ವರ್ಷದ ಸಂಕಟ

ಸುಮಾ ಅವರಿಗೆ (ಹೆಸರು, ಗುರುತು ಬದಲಿಸಿದ್ದೇನೆ) 43 ವರ್ಷ. ಪ್ರಾಥಮಿಕ ಶಾಲೆಯ ಶಿಕ್ಷಕಿ. ತಿಂಗಳಿಂದ ನಿದ್ದೆ ಬರುತ್ತಿಲ್ಲ ಎಂದು ಆಪ್ತಸಲಹೆಗೆ ನನ್ನ ಬಳಿ ಬಂದರು. ದ್ವಿತೀಯ ಪಿಯುಸಿಯಲ್ಲಿರುವ ಮಗಳು ಸಂಜೆಯ ಟ್ಯೂಷನ್‌ಗೆ ಸೇರುತ್ತೇನೆ ಎಂದ ದಿನ ಕೂಗಾಡಿ ಅವಳ ಮೊಬೈಲ್ ಕಿತ್ತುಕೊಂಡಿದ್ದರು. "ನಾನೇನು ತಪ್ಪು ಮಾಡಿದೆನಮ್ಮ?" ಎಂದು ಮಗಳು ಕೇಳಿದಾಗ ಬಾಯಿಂದ ಮಾತು ಹೊರಡಲಿಲ್ಲ.

ಎರಡನೆಯ ಭೇಟಿಯಲ್ಲಿ, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ, ವಿಷಯ ಹೇಳಿದರು. 17ರ ವಯಸ್ಸಿನಲ್ಲಿ, ಟ್ಯೂಷನ್ ಹೇಳುತ್ತಿದ್ದ 30 ದಾಟಿದ ಗಂಡಸಿನ ಜೊತೆ ಸಂಬಂಧ. ಮೊದಲು ಹೊಗಳಿಕೆ, ಆಮೇಲೆ ಅನುಮಾನ, ಕೊನೆಗೆ ಏಟು. ಗೆಳತಿಯರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿದ. ದುಡ್ಡು ಬೇಕೆಂದಾಗ ಇವರು ಅಮ್ಮನ ಟ್ರಂಕಿನಿಂದ ಚಿನ್ನದ ಓಲೆ ತೆಗೆದುಕೊಟ್ಟರು. ಕದ್ದ ಅಪವಾದ ತಂಗಿಯ ಮೇಲೆ ಬಂತು. ಅವಳು ಪೆಟ್ಟು ತಿನ್ನುವ ಸದ್ದನ್ನು ಇವರು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡರು. ಎರಡು ವರ್ಷ ಕಳೆದು ಅವನು ಬೇರೆ ಮದುವೆಯಾದ.

"ಅವನು ಕರೆದ, ನಾನು ಹೋದೆ. ಎಲ್ಲ ನನ್ನದೇ ತಪ್ಪು ಮೇಡಂ."

ನಿಮ್ಮದೇನೂ ತಪ್ಪಿಲ್ಲ ಎಂದು ಸಮಾಧಾನ ಹೇಳಿ ಕಳಿಸಬಹುದಿತ್ತು. ಆದರೆ ಓಲೆಯ ವಿಷಯ ಗೊತ್ತಿರುವವರು ಅದನ್ನು ನಂಬುವುದಿಲ್ಲ. ಇಂಥವರ ಮನಸ್ಸಿನಲ್ಲಿ ತಾವು ಮಾಡಿದ್ದು ಮತ್ತು ತಮಗೆ ಮಾಡಿದ್ದು ಒಂದೇ ಗಂಟಾಗಿರುತ್ತದೆ. ಅದನ್ನು ಬಿಡಿಸಿ ಬೇರೆ ಮಾಡುವುದೇ ಅರ್ಧ ಕೆಲಸ.

ಆ ಕಾಲದ ಫೋಟೊ ಒಂದು ತರಲು ಹೇಳಿದೆ. ಪಿಯುಸಿ ಪ್ರವೇಶಪತ್ರ ತಂದರು. ಎರಡು ಜಡೆ, ಎಣ್ಣೆ ಮಿನುಗುವ ಹಣೆ, ಫೋಟೊದ ಅಂಚಿಗೆ ತಾಗಿದ ನೇರಳೆ ಮೊಹರು. "ನಿಮ್ಮ ತರಗತಿಗೆ ಈ ಹುಡುಗಿ ಬಂದು ಮೇಷ್ಟ್ರು ಹೀಗೆ ಮಾಡಿದರು ಎಂದರೆ ಯಾರನ್ನು ಕೇಳುತ್ತೀರಿ?" ಎಂದೆ. ಬಹಳ ಹೊತ್ತು ಫೋಟೊ ನೋಡಿದರು. "ಮೇಷ್ಟ್ರನ್ನು" ಎಂದರು. ಆಗ ಅಳು ಬಂತು.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ 18 ತುಂಬದವರನ್ನು ಮಗು ಎಂದೇ ಕರೆಯುತ್ತದೆ. ಮಗು ಒಪ್ಪಿದ್ದಳು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಸುಮಾ ಅವರ ಕಾಲಕ್ಕೆ ಆ ಕಾಯ್ದೆ ಇರಲಿಲ್ಲ. ಆದರೂ ಅದನ್ನು ವಿವರಿಸಿದೆ. ತನ್ನನ್ನು ಯಾರಾದರೂ ಮಗು ಎಂದು ಕರೆಯುವುದು ಕೆಲವರಿಗೆ ಔಷಧಿಗಿಂತ ಬೇಗ ತಾಗುತ್ತದೆ.

ನನ್ನ ಸಲಹೆ ಇಷ್ಟೇ ಇತ್ತು. ಏಟು, ಬೆದರಿಕೆ, ಒಂಟಿ ಮಾಡಿದ್ದು ಅವನ ಲೆಕ್ಕ. ಅದಕ್ಕೆ ನೀವು ಪ್ರಾಯಶ್ಚಿತ್ತ ಮಾಡಬೇಕಿಲ್ಲ. ಗಂಡನಿಗೆ ಹೇಳುವುದು, ಬಿಡುವುದು ನಿಮ್ಮ ಇಷ್ಟ. ಹೇಳಲೇಬೇಕೆಂಬ ಸಾಲವೇನೂ ಇಲ್ಲ. ಮಗಳನ್ನು ಕಾವಲು ಕಾಯಬೇಡಿ. ಟ್ಯೂಷನ್‌ಗೆ ಕಳಿಸಿ, ಯಾರಾದರೂ "ಇದನ್ನು ಮನೆಯಲ್ಲಿ ಹೇಳಬೇಡ" ಎಂದರೆ ಮೊದಲು ನನಗೇ ಹೇಳು, ಬಯ್ಯುವುದಿಲ್ಲ ಎಂದು ಮಾತು ಕೊಡಿ. ನಿದ್ದೆಗಾಗಿ ಮನೋವೈದ್ಯರ ಬಳಿ ಕಳಿಸಿದೆ. ರಾತ್ರಿ ಸಂಕಟ ಹೆಚ್ಚಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ಹೇಳಿದೆ. ಅದು ಹಗಲೂ ರಾತ್ರಿ ಉಚಿತ.

ಓಲೆ ಮಾತ್ರ ನಿಜವಾಗಿ ಅವರದು. ಅಮ್ಮ ತೀರಿಕೊಂಡಿದ್ದಾರೆ, ತಂಗಿ ಇದ್ದಾಳೆ. "ಅವಳಿಗೆ ಹೇಳಿ. ಕ್ಷಮಿಸು ಎಂದು ಒತ್ತಾಯಿಸಬೇಡಿ, ನಡೆದದ್ದನ್ನಷ್ಟೇ ಹೇಳಿ" ಎಂದೆ.

ಆರನೆಯ ಭೇಟಿಯ ಹೊತ್ತಿಗೆ ಹೇಳಿ ಬಂದಿದ್ದರು. ತಂಗಿ ಫೋನ್ ಇಟ್ಟುಬಿಟ್ಟಳಂತೆ. ನಾಲ್ಕು ದಿನ ಮಾತಿಲ್ಲ. ಐದನೆಯ ದಿನ ಅವಳೇ ಕರೆ ಮಾಡಿ, ಓಲೆಯ ಮಾತೆತ್ತದೆ, "ಅಕ್ಕ, ಅವನು ನಿನ್ನನ್ನು ಹೊಡೆಯುತ್ತಿದ್ದನೇ?" ಎಂದು ಕೇಳಿದಳಂತೆ.