ಗಾಲ್ಫ್ ಪಂದ್ಯಕ್ಕೆ ಹೋಗುವ ಮುನ್ನ ಯಾವ ಪದಗಳನ್ನು ಬಾಯಿಪಾಠ ಮಾಡಬೇಕು?

ಕಂಪನಿಯ ಪಂದ್ಯಕ್ಕೆಂದು ಕೊಪ್ಪಳದಿಂದ ಬೆಂಗಳೂರಿಗೆ ಹೊರಟಿರುವ ತಾವು ಬರ್ಡಿ, ಬೋಗಿಗಳ ಪಟ್ಟಿ ಕೇಳಿದ್ದೀರಿ. 2022ರಲ್ಲಿ ನಾನೂ ಅಂಥದ್ದೇ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ತೋರಣಗಲ್ಲಿನಲ್ಲಿ ರಾತ್ರಿ ರೈಲು ಹತ್ತಿದ್ದೆ. ಹಿಂದಿನ ವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ನಾಲ್ಕನೆಯವರಾಗಿ ಮುಗಿಸಿದ್ದನ್ನು ಟಿವಿಯಲ್ಲಿ ನೋಡುತ್ತಾ ಕಲಿತ ಪದಗಳವು. ಒಂದು ಹೋಲ್‌ಗೆ (ಚೆಂಡನ್ನು ಒಂದು ಕುಳಿಗೆ ಸೇರಿಸುವವರೆಗಿನ ಆಟಕ್ಕೆ) ನಿಗದಿಯಾದ ಹೊಡೆತಗಳೇ ಪಾರ್. ಅದಕ್ಕಿಂತ ಒಂದು ಕಡಿಮೆಯಾದರೆ ಬರ್ಡಿ, ಎರಡು ಕಡಿಮೆಯಾದರೆ ಈಗಲ್, ಮೂರಾದರೆ ಆಲ್ಬಟ್ರಾಸ್, ಒಂದು ಹೆಚ್ಚಾದರೆ ಬೋಗಿ. ಇವೆಲ್ಲ ಆಟ ಮುಗಿದ ಮೇಲೆ ಲೆಕ್ಕಕ್ಕೆ ಇಡುವ ಹೆಸರುಗಳು, ಆಡುವವನಿಗೆ ಇವುಗಳಿಂದ ಚಿಕ್ಕಾಸಿನ ಉಪಯೋಗವಿಲ್ಲ.

ನನಗೆ ಬೇಕಾಗಿದ್ದ ಪದ ಪಟ್ಟಿಯಲ್ಲೇ ಇರಲಿಲ್ಲ. ಮೊದಲನೆಯ ಹೋಲ್, ಪಾರ್ ನಾಲ್ಕು. ನನ್ನ ಚೆಂಡು ಬಲಕ್ಕೆ ತಿರುಗಿ ಹೊಂಗೆ ಮರಗಳ ನಡುವೆ ಮರೆಯಾಯಿತು. "ಇರಲಿ, ಇನ್ನೊಂದು ಹೊಡೆಯುತ್ತೇನೆ" ಎಂದು ಮತ್ತೊಂದು ಚೆಂಡನ್ನು ಹೊಡೆದೆ. ಆಗ ನಾನು "ಪ್ರೊವಿಷನಲ್" ಎನ್ನಬೇಕಿತ್ತು. ಹಾಗೆಂದಿದ್ದರೆ ಎರಡನೆಯ ಚೆಂಡು ತಾತ್ಕಾಲಿಕವಾಗಿರುತ್ತಿತ್ತು. ಹುಡುಕಲು ಕೊಡುವ 3 ನಿಮಿಷಗಳೊಳಗೆ ಮೊದಲನೆಯದು ಸಿಕ್ಕಿದ್ದರೆ ದಂಡವಿಲ್ಲದೆ ಅದನ್ನೇ ಆಡಬಹುದಿತ್ತು. ಇನ್ನೊಂದು ಹೊಡೆಯುತ್ತೇನೆ ಎಂದಷ್ಟೇ ಹೇಳಿದರೆ ನಿಯಮದ ಪ್ರಕಾರ ಸಾಲದು. ಎರಡನೆಯ ಚೆಂಡನ್ನು ಹೊಡೆದ ಕ್ಷಣದಿಂದಲೇ ಮೊದಲನೆಯದು ಆಟದಿಂದ ಹೊರಗೆ. ಇದನ್ನರಿಯದ ನಾನು ಒಣ ತರಗೆಲೆಯ ಮೇಲೆ ಬಿಳುಪಾಗಿ ಕಂಡ ಮೊದಲ ಚೆಂಡನ್ನೇ ಖುಷಿಯಿಂದ, ಹುಲ್ಲು ಕತ್ತರಿಸಿದ ಆಟದ ಹಾದಿಯಾದ ಫೇರ್‌ವೇಗೆ ಹೊಡೆದುಬಿಟ್ಟೆ. ನನ್ನ ಸ್ಕೋರ್ ಬರೆಯುತ್ತಿದ್ದ ಹಿರಿಯರು ಮೆಲ್ಲನೆ ಲೆಕ್ಕ ಹೇಳಿದರು: ಮೊದಲ ಹೊಡೆತ ಒಂದು, ಆ ಚೆಂಡನ್ನು ಬಿಟ್ಟದ್ದಕ್ಕೆ ದಂಡ ಒಂದು, ಎರಡನೆಯ ಚೆಂಡಿನ ಹೊಡೆತ ಒಂದು, ಬೇರೆ ಚೆಂಡು ಆಡಿದ್ದಕ್ಕೆ ದಂಡ ಎರಡು. ಕುಳಿಯಿರುವ ನುಣುಪು ಹುಲ್ಲಿನ ಜಾಗವಾದ ಗ್ರೀನ್ ಇನ್ನೂ ದೂರವಿರುವಾಗಲೇ ಐದಾಗಿತ್ತು. ಕೊನೆಗೆ ಎಂಟು, ಅಂದರೆ ನಾಲ್ಕು ಬೋಗಿ. ಅದಿರು ಗಾಡಿಗಳನ್ನು ದಿನವೂ ನೋಡುವ ನಮ್ಮ ಊರಿನವನಿಗೆ ಬೋಗಿಗಳೇನು ಹೊಸತೇ!

ಆದ್ದರಿಂದ ಪಟ್ಟಿಯನ್ನು ಬದಿಗಿಡಿ. ಬಾಯಿಬಿಟ್ಟು ಹೇಳಲೇಬೇಕಾದ ಪದಗಳು ಎರಡೇ. ಒಂದು ಪ್ರೊವಿಷನಲ್. ಇನ್ನೊಂದು, ಚೆಂಡು ಜನರತ್ತ ಹೋಗುತ್ತಿದೆಯೆಂದು ಕಂಡೊಡನೆ ಗಂಟಲು ಹರಿಯುವಂತೆ ಕೂಗಬೇಕಾದ "ಫೋರ್". ಕ್ರಿಕೆಟ್ ನೋಡಿ ಬೆಳೆದ ನಮ್ಮ ಕಿವಿಗೆ ಅದು ಬೌಂಡರಿಯಂತೆ ಕೇಳಿಸುತ್ತದೆ. ತಮ್ಮತ್ತ ಯಾರಾದರೂ ಹಾಗೆ ಕೂಗಿದರೆ ಚಪ್ಪಾಳೆ ತಟ್ಟದೆ ತಲೆಯನ್ನು ಕೈಗಳಿಂದ ಮುಚ್ಚಿಕೊಳ್ಳಿ. ಆಟಗಾರನ ಮಟ್ಟ ತೋರಿಸುವ ಅಂಕಿಯಾದ ಹ್ಯಾಂಡಿಕ್ಯಾಪ್ ಎಷ್ಟೆಂದು ಕೇಳಿದರೆ ಇನ್ನೂ ಇಲ್ಲವೆಂದು ಹೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಹೊರಡುವ ಮುನ್ನ ಪ್ರತಿ ಚೆಂಡಿನ ಮೇಲೂ ಪೆನ್ನಿನಿಂದ ತಮ್ಮದೇ ಗುರುತನ್ನು ಹಾಕಿಕೊಳ್ಳಿ. ಎರಡನೆಯ ಚೆಂಡಿನ ಗುರುತು ಮೊದಲನೆಯದಕ್ಕಿಂತ ಬೇರೆಯಾಗಿರಲಿ.